ಮೈಲುತುತ್ತಕ್ಕೆ ಸ್ಮಾರ್ಟ್ ಬೋರ್ಡ್ ಬೇಕಿಲ್ಲ

ಹೈಸ್ಕೂಲು ಮಕ್ಕಳ ರಸಾಯನಶಾಸ್ತ್ರದ ಮಾತೆತ್ತಿದರೆ ಈಗ ಎಲ್ಲರದೂ ಒಂದೇ ರಾಗ. ಪ್ರಯೋಗ ಮಾಡಿಸಬೇಕು, ನಿಜ. ಆದರೆ ಲ್ಯಾಬ್ ಎಲ್ಲಿದೆ? ಇದ್ದರೂ ಆಸಿಡ್ ಚೆಲ್ಲಿಕೊಂಡರೆ ಹೊಣೆ ಯಾರು? ಪೋರ್ಷನ್ ಮುಗಿಸುವುದು ಯಾವಾಗ? ಅಷ್ಟಕ್ಕೂ ಈಗ ಸ್ಮಾರ್ಟ್ ಕ್ಲಾಸ್ ಬಂದಿದೆಯಲ್ಲ, ಬೇಕಾದ ಪ್ರಯೋಗವನ್ನು ಬೇಕಾದಷ್ಟು ಸಲ ದೊಡ್ಡ ಪರದೆಯ ಮೇಲೆ ತೋರಿಸಿದರಾಯಿತು. ಪಾಲಕರು, ಅಧಿಕಾರಿಗಳು, ಶಾಲೆಗೆ ಟಿವಿ ಕೊಡಿಸಿ ಫೋಟೊ ತೆಗೆಸಿಕೊಳ್ಳುವ ದಾನಿಗಳು, ಕೊನೆಗೆ ಸೋತು ಸುಣ್ಣವಾದ ಮೇಷ್ಟ್ರುಗಳೂ ಈ ಮಾತಿಗೆ ತಲೆದೂಗುತ್ತಾರೆ. ಕೇಳಲು ಇದು ವ್ಯವಹಾರ ಬಲ್ಲವರ ಮಾತು. ನನ್ನ ಪ್ರಕಾರ ಇದರಲ್ಲಿ ಒಂದೊಂದು ಸಾಲೂ ನೆಪ. ನೆಪ ಹೇಳುತ್ತಿರುವವರು ಮೇಷ್ಟ್ರುಗಳೇ ಎಂದು ಮಾತ್ರ ಯಾರೂ ಆತುರಪಡಬೇಡಿ. ಅವರ ಬಾಯಲ್ಲಿ ಅದನ್ನು ಹೇಳಿಸುತ್ತಿರುವುದು ಬೇರೆಯೇ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಹತ್ತನೇ ತರಗತಿಯ ವಿಜ್ಞಾನಕ್ಕೆ ನಮ್ಮ ರಾಜ್ಯದಲ್ಲಿ ಓದಿಸುವುದು ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಅದರ ಮೊದಲ ಅಧ್ಯಾಯವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಪುಟ ತಿರುವಿದರೆ ಚಟುವಟಿಕೆಗಳ ಸಾಲು: ಮೆಗ್ನೀಸಿಯಮ್ ಪಟ್ಟಿ ಉರಿಸಿ, ಸುಟ್ಟ ಸುಣ್ಣಕ್ಕೆ ನೀರು ಹಾಕಿ, ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಅದ್ದಿಡಿ. ಪುಸ್ತಕ ಮಗುವಿಗೆ ಮಾಡು ಎನ್ನುತ್ತದೆ, ಗಮನಿಸು ಎನ್ನುತ್ತದೆ, ಏನಾಯಿತು ಎಂದು ಕೇಳುತ್ತದೆ. ಕೇಳಿ ಮುಗಿಸುವ ಮೊದಲೇ ಮುಂದಿನ ಸಾಲಿನಲ್ಲಿ ಉತ್ತರವನ್ನೂ ಕೊಟ್ಟುಬಿಡುತ್ತದೆ. ಮಗು ಪೆನ್ಸಿಲ್ ತೆಗೆದು ಆ ಸಾಲಿಗೆ ಅಡಿಗೆರೆ ಹಾಕುತ್ತದೆ. ಅಲ್ಲಿಗೆ ಚಟುವಟಿಕೆ ಮುಗಿಯಿತು. ಮೆಗ್ನೀಸಿಯಮ್ ಪಟ್ಟಿಯನ್ನು ಉರಿಸುವ ಮೊದಲು ಏಕೆ ಉಜ್ಜಬೇಕು ಎಂದು ಕೇಳಿ ನೋಡಿ, ಮೇಲಿನ ಆಕ್ಸೈಡ್ ಪದರವನ್ನು ತೆಗೆಯಲು ಎಂದು ಇಡೀ ತರಗತಿ ಒಂದೇ ಉಸಿರಿನಲ್ಲಿ ಹೇಳುತ್ತದೆ. ಹಾಗೆ ಹೇಳಿದವರಲ್ಲಿ ಮರಳುಕಾಗದ ಹಿಡಿದು ಏನನ್ನಾದರೂ ಉಜ್ಜಿದವರು ಎಷ್ಟು ಮಂದಿ ಎಂದು ಕೇಳಬೇಡಿ, ಮುಜುಗರವಾದೀತು.

ಲ್ಯಾಬ್ ಇಲ್ಲ ಎಂಬ ಮೊದಲ ನೆಪಕ್ಕೆ ಅಡಿಕೆ ತೋಟದಲ್ಲೇ ಉತ್ತರವಿದೆ. ಮಲೆನಾಡು, ಕರಾವಳಿಯ ಯಾವ ಅಡಿಕೆ ಬೆಳೆಗಾರನ ಮನೆಯಲ್ಲೂ ಮುಂಗಾರಿಗೆ ಮುಂಚೆ ಮೈಲುತುತ್ತದ, ಅಂದರೆ ಅದೇ ತಾಮ್ರದ ಸಲ್ಫೇಟಿನ, ಚೀಲ ಬಂದು ಬೀಳುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ ಮಿಯಾರ್ಡೆ ದ್ರಾಕ್ಷಿ ಬಳ್ಳಿಗೆಂದು 1885ರಲ್ಲಿ ಪ್ರಕಟಿಸಿದ ಪಾಕ ಅದು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನುಹತ್ತಿ, ಅದರ ಮೂಲ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಎಂದು 1910ರಲ್ಲಿ ಬರೆದ; ಇದೇ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ದಾರಿಯನ್ನೂ ತೋರಿಸಿದ. ಶೇ. 1ರ ದ್ರಾವಣದ ಲೆಕ್ಕ ಮನೆಮಂದಿಗೆಲ್ಲ ಬಾಯಿಪಾಠ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು. ಕಬ್ಬಿಣದ ಪಾತ್ರೆ ಕೂಡದು. ಬೆರೆಸಿಯಾದ ಮೇಲೆ ಅಪ್ಪ ಮಾಡುವ ಕೊನೆಯ ಕೆಲಸ, ಉಜ್ಜಿದ ಕತ್ತಿಯ ತುದಿಯನ್ನು ಆ ನೀಲಿ ದ್ರಾವಣದಲ್ಲಿ ಅದ್ದಿ ತೆಗೆದು ನೋಡುವುದು. ಅಲುಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಹತ್ತದಿದ್ದರೆ ಹದ ಬಂತು.

ಇದು ಪಠ್ಯಪುಸ್ತಕದ ಮೊಳೆಯ ಚಟುವಟಿಕೆಯೇ ಹೊರತು ಬೇರೇನೂ ಅಲ್ಲ. ಸುಣ್ಣ ಸಾಲದೆ ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರವನ್ನು ಕತ್ತಿಯ ಕಬ್ಬಿಣ ಹೊರಗಟ್ಟುತ್ತದೆ, ಹೊರಬಿದ್ದ ತಾಮ್ರ ಅಲುಗಿಗೆ ಅಂಟುತ್ತದೆ. ಪುಸ್ತಕ ಇದನ್ನು ಸ್ಥಾನಪಲ್ಲಟ ಕ್ರಿಯೆ ಎನ್ನುತ್ತದೆ. ಕಬ್ಬಿಣದ ಪಾತ್ರೆ ಏಕೆ ಕೂಡದು ಎಂಬುದಕ್ಕೂ ಅದೇ ಕಾರಣ. ಬಿಡಿ ತಾಮ್ರ ಉಳಿದರೆ ಎಳೆ ಗೊನೆ ಸುಟ್ಟುಹೋಗುತ್ತದೆ, ಒಂದು ವರ್ಷದ ಆದಾಯ ಹೋಗುತ್ತದೆ. ಎಂದಮೇಲೆ ಈ ಪರೀಕ್ಷೆ ಆಟವಲ್ಲ. ಈ ಮನೆಯ ಹುಡುಗ ಜೂನ್ ತಿಂಗಳಲ್ಲಿ ಶಾಲೆಗೆ ಬಂದು ಕೂರುತ್ತಾನೆ. ಮೊದಲ ಅಧ್ಯಾಯ ಶುರುವಾಗುತ್ತದೆ. ಅವನಿಗೆ ಸ್ಥಾನಪಲ್ಲಟವನ್ನು ಯಾವುದೋ ದೇಶದ ಬಿಳಿ ಕೋಟಿನ ಕೈಗಳು ಗಾಜಿನ ಬೀಕರಿನಲ್ಲಿ ಮಾಡುವುದನ್ನು ಪರದೆಯ ಮೇಲೆ ತೋರಿಸಿ ಕಲಿಸಲಾಗುತ್ತದೆ. ಅಪ್ಪನ ಕತ್ತಿಗೂ ಆ ಬೀಕರಿಗೂ ಸಂಬಂಧವಿದೆ ಎಂದು ಯಾರೂ ಹೇಳುವುದಿಲ್ಲ. ಅಪ್ಪ ಮಾಡುವುದು ತೋಟದ ಕೆಲಸ, ಪರದೆಯ ಮೇಲಿರುವುದು ವಿಜ್ಞಾನ ಎಂದು ಹುಡುಗ ತಾನಾಗಿಯೇ ತೀರ್ಮಾನಿಸುತ್ತಾನೆ. ನಮ್ಮ ಶಾಲೆಗಳು ಯಾರೂ ಹೇಳಿಕೊಡದೆಯೇ ಕಲಿಸುವ ಪಾಠಗಳಲ್ಲಿ ಇದು ಅತ್ಯಂತ ಯಶಸ್ವಿ ಪಾಠ.

ತೋಟವಿಲ್ಲದ ಊರಿನವರು ಎಲೆಯಡಿಕೆ ತಟ್ಟೆ ತೆಗೆಯಲಿ. ಅದರ ಸುಣ್ಣವನ್ನು ನೀರಿನಲ್ಲಿ ಕಲಕಿ ರಾತ್ರಿಯಿಡೀ ಬಿಟ್ಟರೆ ಮೇಲೆ ನಿಲ್ಲುವುದೇ ಪುಸ್ತಕದ ಸುಣ್ಣದ ತಿಳಿನೀರು. ಒಂದು ಸ್ಟ್ರಾದಿಂದ ಅದರೊಳಗೆ ಉಸಿರು ಊದಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಎಲ್ಲರೂ ಅಲ್ಲಿಗೆ ನಿಲ್ಲಿಸುತ್ತಾರೆ, ಏಕೆಂದರೆ ಒಂದು ಅಂಕದ ಉತ್ತರ ಅಲ್ಲಿಗೆ ಮುಗಿಯುತ್ತದೆ. ಹಟಹಿಡಿದು ಊದುತ್ತಲೇ ಹೋದ ಮಗುವಿಗೆ ಮಾತ್ರ ಬಿಳುಪು ನಿಧಾನವಾಗಿ ಮಾಯವಾಗಿ ನೀರು ಮತ್ತೆ ತಿಳಿಯಾಗುವುದು ಕಾಣುತ್ತದೆ. ಆರತಿಯ ಓಕುಳಿ ನೀರಂತೂ ಪ್ರತಿ ಮದುವೆಯಲ್ಲೂ ಇದೆ: ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪು, ಅದಕ್ಕೇ ನಿಂಬೆಹಣ್ಣು ಹಿಂಡಿದರೆ ಮರಳಿ ಹಳದಿ. ಅರಿಸಿನ ಒಂದು ನೈಸರ್ಗಿಕ ಸೂಚಕ ಎಂದು ಐದು ಸಲ ಬರೆದು ಕಲಿಯುವ ಹುಡುಗಿಯ ತಾಯಿ ಎಷ್ಟೋ ಆರತಿಗಳಿಗೆ ಈ ಸೂಚಕವನ್ನು ಕಲಸಿ ಕೊಟ್ಟಿರುತ್ತಾಳೆ.

ಈಗ ಪರದೆಯ ವಿಚಾರ. ವಿಡಿಯೊದಲ್ಲಿ ಎಲ್ಲವೂ ಇನ್ನೂ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ಚೆನ್ನಾಗಿ ಕಾಣುವುದೇ ಅದರ ದೋಷ. ಮೊಳೆಯ ಪ್ರಯೋಗವನ್ನು ನಲವತ್ತು ಮಕ್ಕಳ ಕೈಗೆ ಕೊಟ್ಟು, ಮೊಳೆ ನೀವೇ ಮನೆಯಿಂದ ತನ್ನಿ ಎಂದು ಹೇಳಿ ನೋಡಿ. ಒಬ್ಬನ ಮೊಳೆಗೆ ಅಂಗಡಿಯ ಎಣ್ಣೆ ಹತ್ತಿರುತ್ತದೆ, ಅರ್ಧ ಗಂಟೆಯಾದರೂ ಏನೂ ಆಗುವುದಿಲ್ಲ. ಒರೆಸಿ ಉಜ್ಜಿ ಮತ್ತೆ ಹಾಕಿದರೆ ಕೆಂಪಾಗುತ್ತದೆ. ಮೆಗ್ನೀಸಿಯಮ್ ಪಟ್ಟಿಯನ್ನು ಏಕೆ ಉಜ್ಜಬೇಕು ಎಂಬ ಪ್ರಶ್ನೆಯ ಅರ್ಥ ಅವನಿಗೆ ಆಗ ಹೊಳೆಯುತ್ತದೆ, ಅದೂ ಮೆಗ್ನೀಸಿಯಮ್ ಇಲ್ಲದೆಯೇ. ಇನ್ನೊಬ್ಬಳು ಚಾವಣಿಗೆ ತಗಡು ಹೊಡೆಯುವ ಮೊಳೆ ತಂದಿರುತ್ತಾಳೆ. ಅದಕ್ಕೆ ಕೆಂಪಿನ ಬದಲು ಕಪ್ಪು ಕಪ್ಪಾದ ಮಸಿಯಂಥದ್ದು ಅಂಟುತ್ತದೆ. ತಪ್ಪಾಯಿತೇ? ಇಲ್ಲ, ಆ ಮೊಳೆಗೆ ಸತುವಿನ ಲೇಪವಿದೆ. ಸತು ಕಬ್ಬಿಣಕ್ಕಿಂತ ಚುರುಕು, ತಾಮ್ರವನ್ನು ಅವಸರದಿಂದ ಹೊರಗಟ್ಟುತ್ತದೆ, ಹಾಗೆ ಬಿದ್ದ ನುಣ್ಣನೆಯ ತಾಮ್ರ ಕಪ್ಪಾಗಿ ಕಾಣುತ್ತದೆ. ಮೂರನೆಯವನು ಸ್ಟೀಲ್ ಚಮಚ ಅದ್ದಿ, ಇದಕ್ಕೇಕೆ ಏನೂ ಹತ್ತಲಿಲ್ಲ ಸಾರ್ ಎಂದು ಕೇಳುತ್ತಾನೆ. ಲೋಹಗಳ ಕ್ರಿಯಾಶೀಲತೆಯ ಸರಣಿ ಎಂದು ಪುಸ್ತಕದಲ್ಲಿ ಒಂದು ಪಟ್ಟಿಯಿದೆಯಲ್ಲ, ಮಕ್ಕಳು ಜಪದಂತೆ ಒಪ್ಪಿಸುವ ಪಟ್ಟಿ, ಅದು ಈ ಮೂವರ ಜಗಳದಲ್ಲಿ ತಾನಾಗಿ ಎದ್ದು ನಿಲ್ಲುತ್ತದೆ.

ವಿಡಿಯೊದಲ್ಲಿ ಈ ಮೂವರೂ ಇಲ್ಲ. ಅಲ್ಲಿ ಎಣ್ಣೆ ಹತ್ತಿದ ಮೊಳೆಯಿಲ್ಲ, ಕಾಯುವ ಇಪ್ಪತ್ತು ನಿಮಿಷವೂ ಇಲ್ಲ, ಕತ್ತರಿಸಿ ತೆಗೆದಿದ್ದಾರೆ. ಕಂಪ್ಯೂಟರಿನ ಮೇಲಿನ ಪ್ರಯೋಗಾಲಯಗಳದ್ದೂ ಅದೇ ಕತೆ. ಓಲ್ಯಾಬ್ಸ್‌ನಂಥವು ಶ್ರದ್ಧೆಯಿಂದ ಕಟ್ಟಿದವು, ಗೇಲಿ ಮಾಡುವಂಥವಲ್ಲ. ಮಾಡಿದ ಪ್ರಯೋಗವನ್ನು ಮನನ ಮಾಡಲು ಒಳ್ಳೆಯವು. ಆದರೆ ಅಲ್ಲಿ ಮೊಳೆಗೆ ತುಕ್ಕು ಇರಬೇಕಾದರೆ ಯಾರಾದರೂ ಮೊದಲೇ ಅದನ್ನು ಬರೆದು ಸೇರಿಸಿರಬೇಕು. ಮಗು ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಕೊಡುವುದು ತಾಮ್ರವಲ್ಲ, ಪ್ರೋಗ್ರಾಂ ಬರೆದ ಇಂಜಿನಿಯರ್. ಅವನಿಗೆ ತಿಳಿಯದ್ದು ಅಲ್ಲಿ ನಡೆಯುವುದೇ ಇಲ್ಲ. ಒಂದು ಪ್ಲಾಸ್ಟಿಕ್ ಕವರಿಗೆ ಎರಡು ಚಮಚ ಯೂರಿಯಾ ಹಾಕಿ, ಸ್ವಲ್ಪ ನೀರು ಬಿಟ್ಟು, ಬಾಯಿ ಬಿಗಿದು ಮಗುವಿನ ಕೈಗೆ ಕೊಡಿ. ಅಂಗೈ ತಣ್ಣಗಾದಾಗ ಆ ಮುಖ ನೋಡಿ. ಯೂರಿಯಾ ನೀರಿನಲ್ಲಿ ಕರಗುವಾಗ ಶಾಖ ಹೀರಿಕೊಳ್ಳುತ್ತದೆ ಎಂಬುದನ್ನು ಪರದೆಯೂ ಹೇಳಬಲ್ಲದು, ಉಷ್ಣಮಾಪಕದ ಅಂಕಿ ಇಳಿಯುವುದನ್ನು ತೋರಿಸಬಲ್ಲದು. ಆ ಶಾಖ ಎಲ್ಲಿಂದ ಬಂತು, ನನ್ನ ಕೈಯಿಂದಲೇ ಹೋಯಿತೇ ಎಂಬ ಅನುಮಾನವನ್ನು ಮಾತ್ರ ಅದು ಹುಟ್ಟಿಸಲಾರದು.

ದುಡ್ಡಿನ ನೆಪ ಎಲ್ಲಕ್ಕಿಂತ ಟೊಳ್ಳು. ಹನಿಗಳಲ್ಲಿ ಪ್ರಯೋಗ ಮಾಡುವ ಸೂಕ್ಷ್ಮಪ್ರಮಾಣದ ರಸಾಯನಶಾಸ್ತ್ರ ಲ್ಯಾಬ್ ಇಲ್ಲದ ಶಾಲೆಗಳಿಗೂ ಒಗ್ಗುವಂಥದ್ದು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದವರು ಇದಕ್ಕಾಗಿ ಅಂಗೈಯಗಲದ ಪ್ಲಾಸ್ಟಿಕ್ ಕಿಟ್ ರೂಪಿಸಿದರು, ಯುನೆಸ್ಕೊ ಅದನ್ನು ದೇಶದೇಶಗಳಿಗೆ ಪರಿಚಯಿಸಿತು. ನಮಗೆ ಆ ಕಿಟ್ ಕೂಡ ಬೇಡ, ಗುಳಿಗೆ ಖಾಲಿಯಾದ ಪಟ್ಟಿ ಸಾಕು. ಅದರ ಒಂದೊಂದು ಗುಳಿಯೂ ಒಂದೊಂದು ಪ್ರನಾಳ. ಲೆಕ್ಕ ಹಾಕೋಣ. ನಲವತ್ತು ಮಕ್ಕಳು, ಒಬ್ಬೊಬ್ಬರಿಗೆ ಹತ್ತು ಹನಿ ಎಂದರೆ 400 ಹನಿ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಹಿಡಿದರೆ ಒಟ್ಟು 20 ಮಿಲಿಲೀಟರ್. ಶೇ. 5ರ ದ್ರಾವಣವಾದರೆ ಅದರಲ್ಲಿರುವ ಮೈಲುತುತ್ತ ಒಂದು ಗ್ರಾಂ. ಇಡೀ ತರಗತಿಗೆ ಒಂದು ಗ್ರಾಂ! ಅದಕ್ಕೆ ಬಟ್ಟೆಸೋಡದ ನೀರು ಎರಡು ಹನಿ ಬಿಟ್ಟರೆ ತಿಳಿನೀಲಿ ಪ್ರಕ್ಷೇಪ ಕಣ್ಣೆದುರೇ ಕಟ್ಟುತ್ತದೆ. ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ತ್ರೀಡಿ ಪ್ರಿಂಟರ್ ಬರುತ್ತದೆ, ರೋಬಾಟ್ ಬರುತ್ತದೆ. ಬರಲಿ. ದುಡ್ಡಿಲ್ಲ ಎಂಬ ಮಾತನ್ನು ಮಾತ್ರ ಇನ್ನು ಯಾರೂ ಆಡಬಾರದು.

ಅಪಾಯದ ವಿಷಯ ಹಾಗಲ್ಲ, ಅದನ್ನು ತಳ್ಳಿಹಾಕುವುದು ಹೊಣೆಗೇಡಿತನ. ಪುಸ್ತಕದಲ್ಲೇ ಸೀಸದ ನೈಟ್ರೇಟ್ ಕಾಯಿಸುವ ಚಟುವಟಿಕೆಯಿದೆ. ಹೊರಬರುವ ಕಂದು ಹೊಗೆ ನೈಟ್ರೊಜನ್ ಡೈಆಕ್ಸೈಡ್, ಉಳಿಯುವುದು ಸೀಸದ ಆಕ್ಸೈಡ್, ಎರಡೂ ವಿಷ. ಹೊಗೆ ಎಳೆದೊಯ್ಯುವ ಗೂಡಿಲ್ಲದ ಕೋಣೆಯಲ್ಲಿ ಅದನ್ನು ಮಾಡಿಸಬಾರದು ಎಂದೇ ನನ್ನ ವಾದ, ಅದು ವಿಡಿಯೊದಲ್ಲೇ ಇರಲಿ. ವಿಚಿತ್ರವೆಂದರೆ, ಮಕ್ಕಳ ಕೈಗೆ ನಿಂಬೆರಸ ಕೊಡಲು ಹೆದರುವ ಶಾಲೆಗಳೇ ವಸ್ತುಪ್ರದರ್ಶನದ ದಿನ ಅಮೋನಿಯಮ್ ಡೈಕ್ರೊಮೇಟ್ ತಂದು ಥರ್ಮಾಕೋಲ್ ಬೆಟ್ಟದೊಳಗೆ ಜ್ವಾಲಾಮುಖಿ ಉರಿಸುತ್ತವೆ. ಕ್ಯಾನ್ಸರ್ ತರಬಲ್ಲ ಕ್ರೋಮಿಯಮ್ ಲವಣ ಅದು. ಶಾಸಕರು ಬಂದು ಚಪ್ಪಾಳೆ ತಟ್ಟುತ್ತಾರೆ, ಪಕ್ಕದಲ್ಲಿ ನಿಂತ ಹುಡುಗಿ ಇಂಗ್ಲಿಷಿನಲ್ಲಿ ಉರುಹೊಡೆದ ನಾಲ್ಕು ವಾಕ್ಯ ಒಪ್ಪಿಸುತ್ತಾಳೆ. ಇದನ್ನು ಮಾಡಿ ಕಲಿಯುವುದು ಎಂದು ಕರೆಯುವವರ ಮೇಲೆ ನನಗೆ ಪರದೆಯವರಿಗಿಂತ ಹೆಚ್ಚು ಸಿಟ್ಟು.

ಇನ್ನು, ಶಾಲೆಯಲ್ಲಿ ಮುಟ್ಟಿಸದಿದ್ದರೆ ಮಗು ರಾಸಾಯನಿಕಗಳಿಂದ ದೂರ ಉಳಿಯುತ್ತದೆ ಎಂಬುದು ಭ್ರಮೆ. ಶೌಚಾಲಯ ತೊಳೆಯುವ ಬಾಟಲಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ, ಬಚ್ಚಲಿನಲ್ಲಿ ಬ್ಲೀಚಿಂಗ್ ಪೌಡರ್ ಇದೆ, ಎರಡೂ ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ಬರುತ್ತದೆ. ತಂಬಾಕಿನ ಜತೆ ಮಾರುವ ಸುಣ್ಣದ ಪೊಟ್ಟಣ ಒಡೆದು ಕಣ್ಣಿಗೆ ಚಿಮ್ಮಿ ದೃಷ್ಟಿಗೆ ಕುತ್ತು ತಂದ ಪ್ರಕರಣಗಳನ್ನು ನಮ್ಮ ನೇತ್ರವೈದ್ಯರು ದಾಖಲಿಸಿದ್ದಾರೆ. ಪೆಟ್ಟು ತಿಂದವರಲ್ಲಿ ಮಕ್ಕಳೇ ಹೆಚ್ಚು. ಪ್ರತ್ಯಾಮ್ಲ ಕಣ್ಣಿಗೆ ಬಿದ್ದರೆ ಉಜ್ಜಬಾರದು, ಆ ಕ್ಷಣವೇ ನೀರು ಸುರಿದುಕೊಳ್ಳುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆಗೆ ಓಡಬೇಕು ಎಂದು ಮಗುವಿಗೆ ಎಲ್ಲಿ ಗೊತ್ತಾಗಬೇಕು? ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಹಾಕಿಸಿ, ಪಕ್ಕದಲ್ಲಿ ಬಕೆಟ್ ನೀರಿಟ್ಟು, ಹನಿ ಹನಿಯಾಗಿ ಸುಣ್ಣದ ತಿಳಿನೀರಿನೊಂದಿಗೆ ಕೆಲಸ ಮಾಡಿಸಿದ ತರಗತಿಯಲ್ಲಿ.

ಪ್ರಯೋಗ ಮಾಡಿಸಿದರೂ ಮಕ್ಕಳು ಕಲಿಯುವುದಿಲ್ಲ ಎಂದು ಸಂಶೋಧನೆಯ ಬಲದಿಂದ ವಾದಿಸುವವರೂ ಇದ್ದಾರೆ, ಅವರನ್ನು ಗೌರವದಿಂದ ಕೇಳಬೇಕು. ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟು ಕಂಡುಕೊಳ್ಳಲಿ ಎನ್ನುವ ಬೋಧನೆಯನ್ನು 2006ರಲ್ಲಿ ಕಟುವಾಗಿ ಟೀಕಿಸಿದರು. ಏಬ್ರಹಾಮ್ಸ್ ಮತ್ತು ಮಿಲ್ಲರ್ ಇಂಗ್ಲೆಂಡಿನ ಶಾಲೆಗಳ 25 ಪ್ರಯೋಗ ತರಗತಿಗಳಲ್ಲಿ ಕೂತು ನೋಡಿ 2008ರಲ್ಲಿ ಬರೆದದ್ದು ಇನ್ನೂ ಹರಿತ: ಮಕ್ಕಳು ಹೇಳಿದ್ದನ್ನು ಮಾಡುತ್ತಾರೆ, ಮಾಡಿದ್ದರ ಹಿಂದಿನ ವಿಚಾರಕ್ಕೆ ಮಾತ್ರ ತಲೆ ಓಡುವುದಿಲ್ಲ. ಇದು ನಿಜವೆಂದೇ ನಾನು ನಂಬುತ್ತೇನೆ. ಆದರೆ ಇದು ಅಡುಗೆಪುಸ್ತಕದಂಥ ಪ್ರಯೋಗಗಳ ಮೇಲಿನ ಟೀಕೆ. ಮಾಡಿದ ಮೇಲೆ ಮಾತಾಡಿ, ಮಾಡುವ ಮೊದಲು ಊಹಿಸಲು ಹೇಳಿ ಎಂಬುದು ಅದರ ಸಾರ, ಮಾಡಿಸಲೇಬೇಡಿ ಎಂದಲ್ಲ. ಅಲ್ಲಿನ ಮಕ್ಕಳಿಗೆ ಕೈಯ ಕೆಲಸ ಸಿಕ್ಕಿ ವಿಚಾರ ಸಿಗಲಿಲ್ಲ. ನಮ್ಮವರಿಗೆ ಕೈಯ ಕೆಲಸವೇ ಸಿಕ್ಕಿಲ್ಲ, ಆಗಲೇ ಅದರ ಮಿತಿಗಳ ಬಗ್ಗೆ ಸೆಮಿನಾರು.

ಕೊನೆಗೆ ಉಳಿಯುವುದು ಪೋರ್ಷನ್. ನೆಪಗಳ ಬೇರು ಇರುವುದು ಇಲ್ಲಿ. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ ಬರವಣಿಗೆ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ. ಆ 80ರಲ್ಲಿ ಒಂದೇ ಒಂದು ಅಂಕವನ್ನೂ ಮಗು ಪ್ರನಾಳ ಮುಟ್ಟಿ ಗಳಿಸಬೇಕಾಗಿಲ್ಲ. ಸತುವಿನ ಚೂರುಗಳೊಡನೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದ ವರ್ತನೆಯನ್ನು ತೋರಿಸುವ ಉಪಕರಣಗಳ ಜೋಡಣೆಯ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಬೇಕು, ಅಷ್ಟೆ. ಆ ಉಪಕರಣವನ್ನು ಒಮ್ಮೆಯೂ ಜೋಡಿಸದವರು ಅದರ ಚಿತ್ರವನ್ನು ಕಣ್ಣು ಮುಚ್ಚಿ ಬರೆಯುತ್ತಾರೆ. ಇತ್ತ ಫಲಿತಾಂಶದ ಶೇಕಡಾವಾರು ಇಳಿದರೆ ಮೇಷ್ಟ್ರಿಗೆ ನೋಟಿಸು, ಹಾಗಾಗಿ ಡಿಸೆಂಬರ್ ಬರುವಷ್ಟರಲ್ಲಿ ಪಾಸಿಂಗ್ ಪ್ಯಾಕೇಜ್ ಹೊರಬೀಳುತ್ತದೆ. ಯಾವ ಚಿತ್ರ, ಯಾವ ಸಮೀಕರಣ, ಯಾವ ಎರಡು ವ್ಯತ್ಯಾಸ ಬಂದೇ ಬರುತ್ತದೆ ಎಂಬುದರ ಪಟ್ಟಿ ಅದು. ಈ ಸ್ಥಿತಿಯಲ್ಲಿ ಮೊಳೆ ಅದ್ದಿಸಿ ಕೂರುವ ಮೇಷ್ಟ್ರನ್ನು ನಾವು ಮೆಚ್ಚಬೇಕೇ ಹೊರತು, ಅದ್ದಿಸದವರನ್ನು ಬೈಯುವಂತಿಲ್ಲ.

ಪರೀಕ್ಷೆಯನ್ನು ಮುಟ್ಟದೆ ಚಟುವಟಿಕೆಯನ್ನು ಉದ್ಧರಿಸಲಾಗದು ಎಂಬುದನ್ನು ಹೋಶಂಗಾಬಾದಿನವರು ಐವತ್ತು ವರ್ಷಗಳ ಹಿಂದೆಯೇ ಅರಿತಿದ್ದರು. ಮಧ್ಯಪ್ರದೇಶದ ಆ ಜಿಲ್ಲೆಯ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ, ಆರರಿಂದ ಎಂಟನೇ ತರಗತಿಯ ಹಳ್ಳಿಮಕ್ಕಳಿಗಾಗಿ, 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ವಿಜ್ಞಾನವನ್ನು ಪ್ರಯೋಗದ ಮೂಲಕವೇ ಕಲಿಸತೊಡಗಿದವು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ಅಗ್ಗದ ಕಿಟ್, ಶಿಕ್ಷಕರಿಗೆ ತರಬೇತಿ, ತಿಂಗಳಿಗೊಮ್ಮೆ ಅವರೇ ಕೂಡಿ ತೊಡಕುಗಳನ್ನು ಚರ್ಚಿಸುವ ಸಭೆ, ಎಲ್ಲವೂ ಇತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ: ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದು, ಜತೆಗೆ ಪ್ರಯೋಗ ಮಾಡಿ ತೋರಿಸಬೇಕು. ಉರುಹೊಡೆದು ಪ್ರಯೋಜನವಿಲ್ಲದ ಕಡೆ ಮಕ್ಕಳು ಉರುಹೊಡೆಯಲಿಲ್ಲ. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಇಂಥದ್ದು ನಮ್ಮ ದೇಶದಲ್ಲಿ ಆಗದು ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು: ಆಗಿತ್ತು, ನಿಲ್ಲಿಸಿದರು.

ನಮ್ಮಲ್ಲಿ 20 ಆಂತರಿಕ ಅಂಕಗಳಿವೆ. ಅವು ಎಷ್ಟೋ ಕಡೆ ಪ್ರಸಾದದಂತೆ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತವೆ ಎಂಬುದು ಗುಟ್ಟೇನಲ್ಲ. ಅದರಲ್ಲಿ ಐದನ್ನಾದರೂ ಹೀಗೆ ಬಳಸಲಿ. ಮಗುವಿನ ಮುಂದೆ ಮೂರು ಬಿಳಿ ಪುಡಿಗಳು: ಉಪ್ಪು, ಅಡುಗೆಸೋಡ, ಸುಣ್ಣ. ಯಾವುದು ಯಾವುದೆಂದು ಹೇಳಿಲ್ಲ. ಬಾಯಿಗೆ ಹಾಕುವಂತಿಲ್ಲ. ಕೈಯಲ್ಲಿ ನೀರು, ನಿಂಬೆರಸ, ಅರಿಸಿನ ಬಳಿದು ಒಣಗಿಸಿದ ಕಾಗದದ ಚೂರುಗಳು. ಕಂಡುಹಿಡಿ, ಹೇಗೆ ಕಂಡುಹಿಡಿದೆ ಬರೆ. ಸೋಡ ನಿಂಬೆರಸಕ್ಕೆ ಬುರಬುರನೆ ನೊರೆಯುತ್ತದೆ, ಅರಿಸಿನದ ಕಾಗದವನ್ನು ಅರೆಮನಸ್ಸಿನಿಂದ ಕೆಂಪಾಗಿಸುತ್ತದೆ. ಸುಣ್ಣ ಕಾಗದವನ್ನು ಕಡುಗೆಂಪು ಮಾಡುತ್ತದೆ, ನೊರೆಯಬಾರದು. ಉಪ್ಪು ಎರಡಕ್ಕೂ ಸುಮ್ಮನಿರುತ್ತದೆ. ಹಿಂದಿನ ಬೆಂಚಿನ ಯಾವಳೋ ಹುಡುಗಿ ಮಾತ್ರ ಸುಣ್ಣವೂ ಸ್ವಲ್ಪ ನೊರೆಯಿತು ಎಂದು ಬರೆದಿರುತ್ತಾಳೆ. ಡಬ್ಬಿ ತೆರೆದಿಟ್ಟು ಹಳತಾದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಒಂದಷ್ಟು ಕಾರ್ಬೊನೇಟ್ ಆಗಿರುತ್ತದೆ, ನೊರೆಯುವುದು ಅದೇ. ಅವಳ ಉತ್ತರ ಇಲಾಖೆಯ ಕೀ ಉತ್ತರದಲ್ಲಿ ಇರುವುದಿಲ್ಲ. ಅಂಕ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಮೇಷ್ಟ್ರೇ ಆ ಡಬ್ಬಿಯಿಂದ ಒಂದು ಚಿಟಿಕೆ ಸುಣ್ಣ ತೆಗೆದು ನಿಂಬೆಹಣ್ಣು ಹಿಂಡಿ ನೋಡಬೇಕಾಗುತ್ತದೆ.